ಆಕ್ಸಿಲರೇಟರ್ ಮೇಲೊಂದು ಕಾಲು

ಗುರುವಪ್ಪರ ಮೋರಿಸ್ ಮೈನರ್ ಕಾರಿಗೆ ಬಾಗಿಲು ನಾಲ್ಕುಂಟು. ಆದರೆ ಅವರ ಹೆಂಡತಿ ಹೇಮಾಕ್ಷಿಗೆ ಒಂದರಿಂದಲೂ ಹೊರಗೆ ಬರಲಿಕ್ಕಾಗುತ್ತಿರಲಿಲ್ಲ. ಬೀಗ ಹಾಕಿ ಇಟ್ಟಿದ್ದರೋ ಅಂತ ಕೇಳಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆದರೂ ಹೇಳಿಯೇ ಬಿಡುತ್ತೇನೆ.

ಆ ಕಾರು ಗುರುವಪ್ಪರ ತಂದೆಯದ್ದು. ಬ್ಯಾಟರಿ ಚಾರ್ಜ್ ಮಾಡಲಿಕ್ಕೆ ಅದರಲ್ಲಿದ್ದದ್ದು ಹಳೇ ಡೈನಮೋ. ಕಾರು ಜೋರಾಗಿ ಓಡಿದರೆ ಅದಕ್ಕೆ ಜೀವ, ನಿಂತರೆ ನಿದ್ದೆ. ಎಂಜಿನ್ ಒಮ್ಮೆ ಬಂದ್ ಆಯಿತೋ, ಮನೆಯೆದುರಿನ ಇಳಿಜಾರಿನಲ್ಲಿ ಉರುಳಿಸಿದರೆ ಹೊರತು ಮತ್ತೆ ಸ್ಟಾರ್ಟ್ ಆಗುವ ಮಾತೇ ಇಲ್ಲ. ಹ್ಯಾಂಡಲ್ ಹಾಕಿ ತಿರುಗಿಸುವ ಅಂದರೆ ಗುರುವಪ್ಪರಿಗೆ ಭುಜ ನೋವು. ಅದಕ್ಕೆ ಅವರೊಂದು ಉಪಾಯ ಕಂಡುಹಿಡಿದಿದ್ದರು. ಎಲ್ಲಿ ಹೋದರೂ ಎಂಜಿನ್ ಆಫ್ ಮಾಡುವುದೇ ಇಲ್ಲ. ತಾವು ಇಳಿಯುವುದು, ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸುವುದು. "ಹೇಮಾ, ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಡು. ಐದು ನಿಮಿಷದಲ್ಲಿ ಬಂದೆ."

ಗುರುವಪ್ಪರ ಐದು ನಿಮಿಷ ಅಂದರೆ ಪಾಯಸ ಮುಗಿಸಿ, ಕೈತೊಳೆದು, ಬೀಡ ಜಗಿದು, ಸಿಕ್ಕಿದವರ ಹತ್ತಿರ ಕಾರಿನ ಚರಿತ್ರೆ ಹೇಳಿ ಮುಗಿಯುವಷ್ಟು. ನೆಂಟರ ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲವನ್ನೂ ಹೇಮಾಕ್ಷಿ ಕಾರಿನ ಗಾಜಿನಿಂದಲೇ ನೋಡಿದವಳು. ಯಾರಾದರೂ ಪುಣ್ಯಾತ್ಮರು ಅಡಿಕೆ ಹಾಳೆಯ ತಟ್ಟೆಯಲ್ಲಿ ಊಟ ತಂದು ಕೊಟ್ಟರೆ ಅದನ್ನೂ ಸ್ಟೀರಿಂಗ್ ಎದುರೇ ತಿಂದವಳು. ಅಷ್ಟು ವರ್ಷ ಡ್ರೈವರ್ ಸೀಟಿನಲ್ಲಿ ಕೂತರೂ ಅವಳಿಗೆ ಡ್ರೈವಿಂಗ್ ಬರುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಕಾಲಿಡುವುದು ಮಾತ್ರ.

ಆಟೋದಲ್ಲಿ ಹೋಗಬಹುದಿತ್ತಲ್ಲ ಅಂತೀರಿ. ಒಮ್ಮೆ ಅವಳೂ ಹೇಳಿ ನೋಡಿದ್ದಳು. "ಮನೆಯಲ್ಲಿ ಕಾರಿದ್ದು ಆಟೋದಲ್ಲಿ ಬರ್ತಿಯಾ? ಜನ ಎಂತ ಹೇಳ್ತಾರೆ?" ಅಂದಿದ್ದರು ಗುರುವಪ್ಪ. ಅಲ್ಲಿಗೆ ಆ ಮಾತು ಮುಗಿಯಿತು.

ಈ ಸಲ ಮಾತ್ರ ಹೇಮಾಕ್ಷಿ ಹಠ ಹಿಡಿದಳು. ಮದುವೆ ಪ್ರಣೀತಾಳದ್ದು. ಹೇಮಾಕ್ಷಿಯ ತಂಗಿಯ ಮಗಳು. ತಂದೆ ತಾಯಿ ಇಬ್ಬರನ್ನೂ ಕಳಕೊಂಡ ಮಗುವನ್ನು ಎತ್ತಿ ತಂದು, ತನ್ನ ಮಗಳು ಮೋಕ್ಷಾಳ ಜೊತೆ ಒಂದೇ ಬಟ್ಟಲಲ್ಲಿ ಉಣಿಸಿ ಬೆಳೆಸಿದ್ದಳು. ಧಾರೆಯ ಹೊತ್ತಿಗೆ ಪ್ರಣೀತಾಳ ತಾಯಿಯ ಜಾಗದಲ್ಲಿ ನಿಂತು ಕಲಶ ಹಿಡಿಯಬೇಕು, ಆ ಹುಡುಗಿಯ ಕೈ ಮೇಲೆ ನೀರು ತನ್ನ ಕೈಯಿಂದ ಬೀಳಬೇಕು. ಹೇಮಾಕ್ಷಿಗೆ ಇದೊಂದೇ ಆಸೆ.

"ಈ ಡೈನಮೋ ತೆಗೆದು ಈಗಿನ ಕಾರುಗಳ ಹಾಗೆ ಆಲ್ಟರ್ನೇಟರ್ ಹಾಕಿಸಿ, ಇಲ್ಲದಿದ್ದರೆ ನಾನು ಕಾರಿಗೆ ಹತ್ತುದೇ ಇಲ್ಲ" ಅಂದಳು.

"ಒರಿಜಿನಲ್ ಹೋಗ್ತದೆ ಮಾರಾಯ್ತಿ!" ಗುರುವಪ್ಪ ತಲೆ ಮೇಲೆ ಕೈಹೊತ್ತು ಕೂತರು.

"ನನ್ನ ಕಾಲೂ ಒರಿಜಿನಲ್ಲೇ. ಅದು ಹೋದರೆ ಪರವಾಗಿಲ್ವಾ?"

ಕಡೆಗೆ ಅವರು ಒಪ್ಪಿದರು. ಕಾರಿನ ಎಲೆಕ್ಟ್ರಿಷನ್ ರಾಝಿಕ್ ಉಳ್ಳಾಲದಿಂದ ಬಂದ. ಹೊರಗಿನಿಂದ ನೋಡಲಿಕ್ಕೆ ಹಳೇ ಡೈನಮೋದ ಹಾಗೆಯೇ ಕಾಣುವ ಆಲ್ಟರ್ನೇಟರ್ ಹುಡುಕಿ ತಂದಿದ್ದ. ಹಾಕಿ ಮುಗಿಸಿ ಬಾನೆಟ್ ಮುಚ್ಚುವ ಮೊದಲು ಹೇಳಿದ, "ಗುರುವಪ್ಪಣ್ಣ, ಒಂದು ವಿಷಯ. ಇದರಲ್ಲಿ ಮೊದಲಿನಿಂದ ಬ್ಯಾಟರಿಯ ಪ್ಲಸ್ ವೈರು ಕಾರಿನ ಬಾಡಿಯ ತಗಡಿಗೆ ಇತ್ತು. ಈಗ ಮೈನಸ್ ವೈರನ್ನು ಆ ತಗಡಿಗೆ ಕೊಟ್ಟಿದ್ದೇನೆ. ಅದನ್ನು ಯಾವತ್ತೂ ಬದಲು ಮಾಡ್ಬೇಡಿ. ಮಾಡಿದ್ರೆ ಒಳಗಿನ ಡಯೋಡು ಸುಟ್ಟು ಹೋಗ್ತದೆ, ಮತ್ತೆ ಬ್ಯಾಟರಿಯೂ ಖಾಲಿ ಆಗ್ತದೆ."

"ಆಯ್ತಾಯ್ತು" ಅಂದರು ಗುರುವಪ್ಪ. ಅವರ ಕಣ್ಣೆಲ್ಲ ಮಡ್‌ಗಾರ್ಡ್ ಮೇಲೆ ಬಿದ್ದ ರಾಝಿಕ್‌ನ ಎಣ್ಣೆ ಕೈಯ ಗುರುತಿನ ಮೇಲಿತ್ತು.

ಮರುದಿನ ಕದ್ರಿ ದೇವಸ್ಥಾನಕ್ಕೆ ಹೋದರು. ಗುರುವಪ್ಪ ಕೀ ತಿರುಗಿಸಿದರು, ಎಂಜಿನ್ ನಿಂತಿತು. ಹೇಮಾಕ್ಷಿ ಇಳಿದು ಗಂಡನ ಹಿಂದೆಯೇ ನಡೆದಳು. ಮಂಗಳಾರತಿಯನ್ನು ಮೊದಲಿನಿಂದ ಕೊನೆಯ ತನಕ ನಿಂತು ನೋಡಿದಳು. ಕಣ್ಣಲ್ಲಿ ನೀರು ಬಂತು, ಅದನ್ನು ಆರತಿಯ ಹೊಗೆಯ ಮೇಲೆ ಹಾಕಿದಳು. ಹೊರಗೆ ಬಂದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್! ಆಹಾ, ಆ ಶಬ್ದ ಅವಳಿಗೆ ಎಷ್ಟು ಚೆಂದ ಕೇಳಿತ್ತು ಅಂತ ಯಾರಿಗೆ ಹೇಳುವುದು. ರಾತ್ರಿ ಮದುವೆಯ ಸೀರೆಯನ್ನು ಮೂರು ಸಲ ಬಿಚ್ಚಿ ಮಡಚಿದಳು.

ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಸುಮ್ಮನೆ ಹುಟ್ಟಿದೆಯೇ?

ಮದುವೆಯ ದಿನ ಬೆಳಿಗ್ಗೆ, ಮಲ್ಲಿಗೆ ಮುಡಿದ ಪ್ರಣೀತಾ ಹಿಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಗುರುವಪ್ಪ ಕೀ ತಿರುಗಿಸಿದರು. ಟಕ್ ಅಂತ ಒಂದು ಶಬ್ದ, ಅಷ್ಟೇ.

"ಬ್ಯಾಟರಿ ಮುಟ್ಟಿದ್ದೀರಾ?" ಕೇಳಿದಳು ಹೇಮಾಕ್ಷಿ.

"ನಿನ್ನೆ ಸಂಜೆ ಟರ್ಮಿನಲ್ ಕ್ಲೀನ್ ಮಾಡಿದೆ. ಆ ರಾಝಿಕ್ ಉಲ್ಟಾ ಕೊಟ್ಟಿದ್ದ ಮಾರಾಯ್ತಿ! ನಮ್ಮ ಅಪ್ಪನ ಕಾಲದಿಂದಲೂ ಪ್ಲಸ್ಸೇ ತಗಡಿಗೆ. ಸರಿ ಮಾಡಿಟ್ಟೆ. ಚಟ್ ಅಂತ ಸ್ವಲ್ಪ ಕಿಡಿ ಹಾರಿತು, ಅದೆಲ್ಲ ಮಾಮೂಲು."

ಅಯ್ಯೋ ದೇವರೇ! ಹೇಮಾಕ್ಷಿ ಹಣೆ ಚಚ್ಚಿಕೊಳ್ಳಲಿಲ್ಲ, ಕುಂಕುಮ ಅಳಿಸೀತು ಅಂತ. ಗುರುವಪ್ಪ ಗಾಬರಿಯಲ್ಲಿ ಬಾನೆಟ್ ತೆಗೆದು ವೈರು ಮತ್ತೆ ಬದಲಿಸಿದರು. ಸುಟ್ಟದ್ದು ಸುಟ್ಟೇ ಹೋಗಿತ್ತು. ಮನೆ ಕದ್ರಿ ಗುಡ್ಡೆಯ ಇಳಿಜಾರಿನಲ್ಲಿದ್ದ ಕಾರಣ ನೆರೆಮನೆಯ ಕೆವಿನ್ ಹಿಂದಿನಿಂದ ದೂಡಿದ, ಕಾರು ಮದುಮಗಳನ್ನು ಹೊತ್ತುಕೊಂಡು ಉರುಳಿತು, ಅರ್ಧ ದಾರಿಯಲ್ಲಿ ಎಂಜಿನ್ ಹಿಡಿಯಿತು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅನ್ನುವ ಕೆಂಪು ಲೈಟು, ಮದುವೆ ಹಾಲ್ ಇದ್ದ ಕೊಡಿಯಾಲ್‌ಬೈಲ್ ಮುಟ್ಟುವ ತನಕ ಆರಲೇ ಇಲ್ಲ.

ಮದುವೆ ಹಾಲ್‌ನ ಗೇಟಿನ ಬಾಯಲ್ಲಿ ಗುರುವಪ್ಪ ಕಾರು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದರು. "ಹೇಮಾ, ಇಲ್ಲಿ ಇಳಿಜಾರಿಲ್ಲ. ಬಂದ್ ಆದರೆ ಕತೆ ಮುಗಿಯಿತು. ಐದು ನಿಮಿಷ ಕಾಲಿಡು, ರಾಝಿಕ್‌ಗೆ ಫೋನ್ ಮಾಡಿ ಬೇರೆ ಬ್ಯಾಟರಿ ತರಿಸ್ತೇನೆ."

ಹೇಮಾಕ್ಷಿ ಕೂತಳು. ಬೇಡ ಅಂತ ಹೇಳಲಿಕ್ಕೆ ಬಾಯಿ ತೆರೆದಿದ್ದಳು, ಆದರೆ ಕಾಲು ಆಗಲೇ ಅದರ ಜಾಗಕ್ಕೆ ಹೋಗಿ ಆಗಿತ್ತು.

ಪ್ರಣೀತಾ ಇಳಿಯುವಾಗ ಕಿಟಕಿಯಿಂದ ಕೈ ಹಾಕಿ ಅವಳ ಭುಜ ಹಿಡಿದಳು. "ದೊಡ್ಡಮ್ಮ, ಬರ್ತೀರಲ್ಲ?"

"ಹೋಗು ಮಗಾ. ನಾನು ಬಂದೆ."

ಎಂಜಿನ್ನಿನ ಶಾಖ ಸೀರೆಯೊಳಗೆ ಏರಿತು. ಬೆವರು ಬೆನ್ನಿನಲ್ಲಿ ಹರಿಯಿತು. ಒಳಗೆ ನಾಗಸ್ವರ. ಹಿಂದೆ ಕಾರುಗಳ ಸಾಲು, ಒಂದೇ ಸಮ ಹಾರ್ನ್. ವಾಚ್‌ಮನ್ ಬಂದು, "ಅಮ್ಮಾ, ಸ್ವಲ್ಪ ಮುಂದೆ ತಗೊಳ್ಳಿ" ಅಂದ.

"ನನಗೆ ಓಡಿಸ್ಲಿಕ್ಕೆ ಬರುದಿಲ್ಲ."

ಅವನು ಸ್ಟೀರಿಂಗ್ ನೋಡಿದ, ಅವಳನ್ನು ನೋಡಿದ, ಹಿಂದಿನವರಿಗೆ ಕೈ ಮುಗಿಯಲಿಕ್ಕೆ ಹೋದ. ಹೇಮಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುರುವಪ್ಪರ ಸುಳಿವಿಲ್ಲ. ಒಳಗಿನ ಮೈಕ್ ಗೊರಗೊರ ಅಂದು, "ಧಾರೆ ಎರೆಯುವವರು ಮಂಟಪಕ್ಕೆ ಬರಬೇಕು" ಅಂತ ಕರೆಯಿತು. ಈಗ ಬರುತ್ತಾರೆ, ಈಗ ಬಂದು ಇಳಿ ಅನ್ನುತ್ತಾರೆ ಅಂತ ಹೇಮಾಕ್ಷಿ ಹಾಲ್ ಬಾಗಿಲಿನ ಕಡೆಗೇ ನೋಡಿದಳು.

ಬಂದದ್ದು ಮಗಳು ಮೋಕ್ಷಾ. ಓಡಿ ಬಂದು ಏದುಸಿರು ಬಿಡುತ್ತಿದ್ದಳು, ತಾಯಿಯ ಮುಖ ನೋಡಲಿಕ್ಕಾಗದೆ ಕಾರಿನ ಕನ್ನಡಿ ನೋಡುತ್ತಾ ಹೇಳಿದಳು, "ಅಮ್ಮ, ರಾಝಿಕ್ ಬರ್ಲಿಕ್ಕೆ ತಡ ಆಗ್ತದಂತೆ. ಅಪ್ಪ ಹೇಳಿದ್ರು, ನೀವು ಕಾರಲ್ಲೇ ಇರಿ ಅಂತ. ಕಲಶ ಹಿಡಿಲಿಕ್ಕೆ ಅತ್ತೆ ಇದ್ದಾರಂತೆ."

ಅತ್ತೆ ಅಂದರೆ ಗುರುವಪ್ಪರ ತಂಗಿ. ಪ್ರಣೀತಾಳಿಗೆ ಜ್ವರ ಬಂದಾಗ ಒಂದು ದಿನವೂ ಹಣೆ ಮುಟ್ಟಿ ನೋಡಿದವಳಲ್ಲ.

ಹೇಮಾಕ್ಷಿಗೆ ಸಿಟ್ಟು ಬಂತು. ಗಂಡನ ಮೇಲೆ ಎಷ್ಟು ಬಂತೋ ಅದಕ್ಕಿಂತ ಹೆಚ್ಚು ತನ್ನ ಬಲಗಾಲಿನ ಮೇಲೆ ಬಂತು. ಎಷ್ಟು ನಿಯತ್ತಿನ ಕಾಲು! ಇಷ್ಟು ಕೇಳಿದ ಮೇಲೂ ಅಲ್ಲಾಡದೆ ಒತ್ತಿಕೊಂಡೇ ಇತ್ತಲ್ಲ.

ಅವಳು ಕಾಲು ತೆಗೆದಳು. ಕೀ ತಿರುಗಿಸಿದಳು.

ಎಂಜಿನ್ ಕೆಮ್ಮಿ ನಿಂತಿತು. "ಅಮ್ಮಾ, ಕಾರು?" ಅಂತ ವಾಚ್‌ಮನ್ ಓಡಿ ಬಂದ. ಹೇಮಾಕ್ಷಿ ಹ್ಯಾಂಡ್‌ಬ್ರೇಕ್ ಇಳಿಸಿ, ಬಾಗಿಲು ತೆರೆದು ಇಳಿದಳು. "ನ್ಯೂಟ್ರಲ್‌ನಲ್ಲೇ ಉಂಟು. ದೂಡಿ" ಅಂದಳು. ಸೀರೆಯ ನೆರಿಗೆ ಎತ್ತಿಕೊಂಡು ಅವಳು ಮಂಟಪಕ್ಕೆ ಹತ್ತಿದ ರಭಸಕ್ಕೆ ಪುರೋಹಿತರು ಮಂತ್ರ ನಿಲ್ಲಿಸಿ ದಾರಿ ಬಿಟ್ಟರು. ಗಂಡನ ತಂಗಿ ಕಲಶದಿಂದ ಕೈ ತೆಗೆದಳು.

ಕಲಶ ಹಿಡಿದು ನಿಂತಿದ್ದ ಗುರುವಪ್ಪರ ಮುಖ ಬಿಳುಚಿತು. ಪಿಸುಮಾತಿನಲ್ಲಿ ಕೇಳಿದರು, "ಕಾರು?"

"ಬಂದ್ ಮಾಡಿದೆ."

"ಬಂದ್? ಹೇಮಾ, ಅದು ಇನ್ನು ಸ್ಟಾರ್ಟ್ ಆಗುದಿಲ್ಲ!"

"ಗೊತ್ತುಂಟು. ಕಲಶ ಸರಿ ಹಿಡೀರಿ, ನೀರು ಚೆಲ್ತದೆ."

ಪ್ರಣೀತಾ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದಳು. ನೀರು ಬಿತ್ತು. ಹೊರಗೆ ನಾಲ್ಕು ಜನ ಸೇರಿ "ಹೈಸಾ" ಅಂತ ಏನನ್ನೋ ದೂಡುತ್ತಿದ್ದರು. ಧಾರೆ ಮುಗಿಯುವ ತನಕ ಗುರುವಪ್ಪರ ಕಿವಿ ಅಲ್ಲೇ ಇತ್ತು. ಹೇಮಾಕ್ಷಿ ಒಂದು ಮಂತ್ರವನ್ನೂ ಬಿಡದೆ ಕೇಳಿದಳು.