ಸಂದಿಯ ನೆರಳು

ಅಕ್ಕ ರಸ್ತೆಯ ಆಚೆಬದಿಯಲ್ಲೇ ನಿಂತುಬಿಟ್ಟಳು.

ಏಣಿಯ ಮೇಲಿದ್ದ ಪೇಂಟರ್ ತಮ್ಮ ಕೈಬೀಸಿ ಕರೆದ. ಅವಳು ಕದಲಲಿಲ್ಲ. ತಿಂಗಳುಗಟ್ಟಲೆ ಗೋಗರೆದ ಮೇಲೆ ಬರಲು ಒಪ್ಪಿದ್ದವಳು. ಗಂಡನ ಏಟು ತಿಂದು ಬದುಕಿ ಬಂದವರಿಗೆ ಆಸರೆ ಕೊಡುವ ಸಂಸ್ಥೆ ಇದು; ಅದರ ಗೋಡೆಗೆ ಲಾಂಛನ ಬರೆಯುವ ಕೆಲಸ ತಮ್ಮನಿಗೇ ಸಿಕ್ಕಿದ್ದರಿಂದ ಅವಳಿಗೂ ತುಸು ಧೈರ್ಯ ಬಂದಿತ್ತು. ಈಗ ಒಳಗೆ ಹೋಗದಿದ್ದರೆ ಸಂಜೆ ಭಾವ ತವರಿಗೆ ಬಂದು ಅವಳನ್ನು ವಾಪಸ್ ಕರೆದೊಯ್ಯುತ್ತಾನೆ. ಅಮ್ಮ ಆಗಲೇ ಅವಳ ಬಟ್ಟೆ ಮಡಚಿಟ್ಟಿದ್ದಾಳೆ.

ಲಾಂಛನವೆಂದರೆ ಅರ್ಧ ತೆರೆದ ನೀಲಿ ಬಾಗಿಲು. "ನಿಮಗಾಗಿ ಸದಾ ತೆರೆದಿದೆ ಅಂತ ಅರ್ಥ," ಎಂದಿದ್ದರು ಸಂಸ್ಥೆಯ ಮೇಡಂ. ಕಾಗದದ ಮೇಲೆ ಅದು ಅಪ್ಪಚ್ಚಿ ಮಾಡಿದ ಹಾಗೆ ಚಪ್ಪಟೆಯಾಗಿತ್ತು. ಗೆರೆಯುದ್ದಕ್ಕೂ ತೂತು ಚುಚ್ಚಿದ ಕಾಗದವನ್ನು ಗೋಡೆಗೆ ಅಂಟಿಸಿ, ಮೇಲೆ ಇದ್ದಿಲ ಪುಡಿಯ ಗಂಟು ಬಡಿದು ಗೆರೆ ಇಳಿಸಿದವನ ಕೈ ಅಷ್ಟಕ್ಕೇ ಸುಮ್ಮನಿರಲಿಲ್ಲ. ಸಂದಿಯಲ್ಲಿ ಹಳದಿ ಬೆಳಕು ಎಳೆದ. ಬೆಳಕಿನ ನಡುವೆ ಉದ್ದಕ್ಕೊಂದು ನೆರಳು ಬಿಟ್ಟ. ಬಾಗಿಲು ಗೋಡೆಯಿಂದ ಎದ್ದೇ ಬಂತು. "ಜೀವ ಬಂತು ನೋಡಪ್ಪ," ಎಂದು ಮೇಡಂ ಕೂಡ ಹಿಗ್ಗಿದ್ದರು.

ಅವನು ಇಳಿದು ರಸ್ತೆ ದಾಟಿದ.

"ಏನೇ, ಇಲ್ಲೇ ಬೇರು ಬಿಟ್ಯಾ?"

"ಅಲ್ಲಿ ಯಾರೋ ನಿಂತಿದ್ದಾರೆ."

"ಎಲ್ಲಿ?"

"ಬಾಗಿಲ ಹಿಂದೆ." ಅವಳ ಕೈ ತಂತಾನೇ ಕೆನ್ನೆಗೆ ಹೋಗಿತ್ತು. "ನಿಮ್ಮ ಭಾವ ರೂಮಿನ ಬಾಗಿಲು ಪೂರ್ತಿ ತೆಗೀತಿರಲಿಲ್ಲ ಕಣೋ. ಇಷ್ಟೇ ತೆಗೆದು ನಿಂತ್ಕೊಳ್ತಿದ್ರು. ನಂಗೆ ನಿದ್ದೆ ಬಂದಿದೆಯಾ ಅಂತ ನೋಡೋಕೆ."

ಅವನು ತಿರುಗಿ ಗೋಡೆಯ ಮೇಲಿನ ನೆರಳು ನೋಡಿದ. ಆ ನೆರಳು ಬಳಿಯುವಾಗ ಸಿಳ್ಳೆ ಹಾಕಿದ್ದ!

ಮತ್ತೆ ರಸ್ತೆ ದಾಟಿ, ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡವನೇ ಬಾಗಿಲ ಮೇಲೆ ರೋಲರ್ ಎಳೆದ. ಮೇಡಂ ಓಡಿಬಂದರು.

"ಅಯ್ಯೋ, ಏನ್ರೀ ಇದು! ಟೀ ಶರ್ಟು, ಚೀಲದ ಮೇಲೆಲ್ಲ ಇದೇ ಬಾಗಿಲು ಅಚ್ಚಾಗಿ ಬಂದಿದೆ!"

"ಅವನ್ನೂ ತನ್ನಿ, ಬಳೀತೀನಿ."

"ತಲೆ ಕೆಟ್ಟಿದೆಯಾ ನಿಮಗೆ?"

"ಹೂಂ, ಕೆಟ್ಟಿದೆ. ನೆರಳು ಹಾಕಿದ್ದು ಈ ಹಾಳು ಕೈಯೇ. ಬೈಯೋದಿದ್ರೆ ಆಮೇಲೆ ಬೈಯಿರಿ. ನಮ್ಮಕ್ಕ ಅಲ್ಲಿ ನಿಂತಿದ್ದಾಳೆ, ಮೊದಲು ಅವಳನ್ನ ನೋಡಿ."

ಮೇಡಂ ನೋಡಿದರು. ಪಕ್ಕಕ್ಕೆ ಸರಿದು ನಿಂತರು.

ಎಷ್ಟೋ ಹೊತ್ತಿನ ಮೇಲೆ ಅಕ್ಕ ರಸ್ತೆ ದಾಟಿ ಬಂದಳು. ಹಸಿ ಗೋಡೆಗೆ ಬೆರಳು ತಾಗಿಸಿದಳು.

"ಇನ್ನೂ ಕಾಣ್ತಿದೆ."

"ಇನ್ನೊಂದು ಸಲ ಬಳೀತೀನಿ, ಇರು."

ಅವಳು ಮೆಟ್ಟಿಲ ತುದಿಯಲ್ಲಿ ಕೂತಳು, ಬಿಳಿಯ ಅಡಿಯಿಂದ ಮೆಲ್ಲಗೆ ಮೇಲೇಳುತ್ತಿದ್ದ ನೀಲಿಯನ್ನೇ ನೋಡುತ್ತ. ಮೇಡಂ ಒಳಗಿನಿಂದ ಕುರ್ಚಿಯೊಂದನ್ನು ದರದರ ಎಳೆದು ತಂದು, ಕಟ್ಟಡದ ಬಾಗಿಲನ್ನು ಗೋಡೆಗೆ ಅಂಟುವಷ್ಟು ತೆರೆದು, ಮುಚ್ಚದಂತೆ ಅಡ್ಡಕೊಟ್ಟರು.

ಆ ಸದ್ದಿಗೆ ಅಕ್ಕ ಬೆಚ್ಚಿಬಿದ್ದಳು. ಆದರೆ ಎದ್ದು ಹೋಗಲಿಲ್ಲ.