ಮನೆಗೊಂದೇ ಫೋನು

“ಫೋನು ಅಂದ್ರೆ ಮನೆ ಬಾಚಣಿಗೆನಾ, ಎಲ್ಲರೂ ಒಂದ್ರಲ್ಲೇ ತಲೆ ಬಾಚ್ಕೊಳ್ಳೋಕೆ? ನಡಿ ಆಚೆ, ಮುಂಡೇದೆ.”

ಗೇಟಿನಲ್ಲಿ ಮೇಸ್ತ್ರಿ ಬೈಯುತ್ತಿದ್ದದ್ದು ನನ್ನ ಓರಗಿತ್ತಿಯನ್ನು. ಆಗಷ್ಟೇ ಗೇಟಿನ ಮೇಲಿಂದ ಫೋನನ್ನು ಅವಳ ಕೈಗಿಟ್ಟು ನಾನು ಒಳಗೆ ಬಟ್ಟೆಗಾಡಿಯ ಹತ್ತಿರ ಸರಿದಿದ್ದೆ. ಅವಳು ಅದನ್ನು ಗೇಟಿನ ಗಾಜಿಗೆ ಹಿಡಿದಳು, ದೀಪ ಕೆಂಪಾಯಿತು. ಮತ್ತೆ ಹಿಡಿದಳು, ಮತ್ತೆ ಕೆಂಪು. ಒಳಗೆ ಇಣುಕಿ ನನ್ನನ್ನು ಹುಡುಕಿದಳು. ನಾನು ಬಗ್ಗಿ ಗಾಡಿಯ ಚಕ್ರ ಸರಿಮಾಡುವವಳಂತೆ ನಟಿಸಿದೆ. ಚಕ್ರಕ್ಕೆ ಏನೂ ಆಗಿರಲಿಲ್ಲ.

ನಾಳೆಯೂ ಹಸಿರು ಬರದಿದ್ದರೆ ನಿನ್ನ ಒಗೆಯುವ ತೊಟ್ಟಿಗೆ ಬೇರೆಯವಳನ್ನು ಹಾಕುತ್ತೇನೆ ಎಂದು ಮೇಸ್ತ್ರಿ ಅವಳನ್ನು ಆಚೆ ದಬ್ಬಿದ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ ನಮ್ಮದು. ರಕ್ತ, ಕೀವು, ಹೇಲು ಎಲ್ಲ ಮೆತ್ತಿಕೊಂಡು ಬಂದದ್ದು ಬಿಳಿಯಾಗಿ ವಾಪಸು ಹೋಗುತ್ತದೆ. ನಾನು ಬೆಳಗಿನ ಪಾಳಿ, ಓರಗಿತ್ತಿ ಸಂಜೆ ಪಾಳಿ. ಗಂಡಂದಿರು ಅಣ್ಣತಮ್ಮಂದಿರು, ಹಾಗಾಗಿ ಅವಳನ್ನು ಅಕ್ಕ ಅಂತಲೇ ಕರೆಯುತ್ತೇನೆ. ಪಾಳಿ ಬದಲಾಗುವಾಗ ಗೇಟಿನಲ್ಲಿ ನಾನು ಫೋನು ಕೊಡುತ್ತಿದ್ದೆ. ಹಾಸಿಗೆ ಹಿಡಿದ ಅತ್ತೆ ಉಂಡರೋ ಇಲ್ಲವೋ ಅವಳು ಹೇಳುತ್ತಿದ್ದಳು. ಹೀಗೇ ಸಾಗಿತ್ತು ಸಂಸಾರ. ಇಬ್ಬರಿಗೆ ಒಂದೇ ಫೋನು, ನಮ್ಮಲ್ಲಿ ಅರ್ಧಕ್ಕರ್ಧ ಹೆಂಗಸರ ಪಾಡು ಇದೇ.

ಆಮೇಲೆ ಬಂತಪ್ಪ ಗುರುತಿನ ವಾಲೆಟ್ಟು. ಹೆಸರು, ಮುಖ, ಕೆಲಸದ ಪರವಾನಗಿ ಎಲ್ಲ ಫೋನಿನೊಳಗೇ. ಗೇಟಿನ ಗಾಜಿಗೆ ಹಿಡಿದರೆ ಹಸಿರು ದೀಪ. ಇದನ್ನು ಮೊದಲು ಪರೀಕ್ಷೆ ಮಾಡಿ ನೋಡುವ ಸಂಸ್ಥೆಗಳಲ್ಲಿ ನಮ್ಮದೂ ಒಂದಂತೆ. ಸಂಸ್ಥೆಗೆ ನೆರವು ಎಂದು ಒಂದು ಪೆಟ್ಟಿಗೆ ಬಂತು: ಪರೀಕ್ಷೆಗೆಂದೇ ಕೊಟ್ಟ ಫೋನುಗಳು, ಅವುಗಳೊಳಗೆ ಹುಟ್ಟೇ ಇಲ್ಲದ ಮಾದರಿ ಮನುಷ್ಯರು, ಗೋಡೆಗೆ ಅಂಟಿಸುವ ಚಿತ್ರ, ತೊಡಕಾದರೆ ಕರೆ ಮಾಡುವ ನಂಬರು. ನಾಲ್ಕಕ್ಷರ ಓದುತ್ತೇನೆಂದು ಮೇಸ್ತ್ರಿ ನನ್ನನ್ನೇ ಸಹಾಯಕಿ ಮಾಡಿದ. ಕುದಿಯುವ ತೊಟ್ಟಿಯಿಂದ ಎಬ್ಬಿಸಿ ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟ. ಕೂತ ಮೇಲೆ ನನ್ನ ಬುದ್ಧಿಗೆ ಅದೇನು ಬಡಿಯಿತೋ.

ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಪೆಟ್ಟಿಗೆಯ ಫೋನು ಹಿಡಿದು ಹೆಂಗಸರೆಲ್ಲ ಒಳಗೆ ಹೋದರು. ಮಾದರಿ ಗಂಡಸಿನ ಗುರುತು ಹಿಡಿದರೂ ದೀಪ ಹಸಿರಾಯಿತೆಂದು ಬಿದ್ದು ಬಿದ್ದು ನಕ್ಕರು. ಕೊನೆಗೆ ಮೇಸ್ತ್ರಿ ಕೇಳಿದ, ಎಲ್ಲರ ಹತ್ತಿರವೂ ಅವರವರ ಫೋನು ಇದೆ ತಾನೇ ಎಂದು. ಇಲ್ಲ ಅಂದಿದ್ದರೆ ಅವನ ಮುಖ ಗಂಟಿಕ್ಕುತ್ತಿತ್ತು, ನನ್ನ ಕುರ್ಚಿ ಹೋಗುತ್ತಿತ್ತು. ಹೂಂ ಅಂದೆ. ಹಾಳಾದ ಬಾಯಿ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ನಿಜವಾದ ಗುರುತು ತುಂಬುವ ದಿನ ನಮ್ಮ ಫೋನಿಗೆ ಅಕ್ಕನದು ಮೊದಲು ಬಿತ್ತು. ನನ್ನದು ಹಾಕಹೋದಾಗ, ಒಂದು ಫೋನಿಗೆ ಒಬ್ಬರೇ, ಇರುವವರನ್ನು ತೆಗೆಯಲೇ ಎಂದು ಕೇಳಿತು. ಓದಿದೆ, ಅರ್ಥವೂ ಆಯಿತು. ಒತ್ತಿದೆ. ಸಹಾಯಕಿಯೇ ಗೇಟಿನಾಚೆ ನಿಂತರೆ ಹೇಗೆ, ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ನಮ್ಮಂಥವರ ಮನೆಗೆ ಆಮೇಲೆ ಅನ್ನುವುದು ಯಾವತ್ತು ಬಂದಿದೆ?

ಅವಳನ್ನು ದಬ್ಬಿದ ಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಫೋನೊಂದರಿಂದ ಆ ನೆರವಿನ ನಂಬರಿಗೆ ಕರೆ ಮಾಡಿದೆ. ಬೆಣ್ಣೆಯಂಥ ದನಿಯ ಹೆಂಗಸು. ಈ ನೆರವು ಸಂಸ್ಥೆಗಳಿಗೆ ಮಾತ್ರ ಅಂದಳು, ತಾವು ಯಾವ ಸಂಸ್ಥೆ ಅಂತ ಕೇಳಿದಳು.

“ಸಂಸ್ಥೆ ಅಲ್ಲ ತಾಯಿ, ಓರಗಿತ್ತಿ,” ಅಂದೆ.

ಅವಳು ಕರೆ ಕತ್ತರಿಸಿದಳು.

ಮನೆಯಲ್ಲಿ ಅಕ್ಕ ನನಗೇ ಸಮಾಧಾನ ಹೇಳಿದಳು. ಮಿಷನ್ನೇ ಕೆಟ್ಟಿರಬೇಕು, ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ ಎಂದು ತಟ್ಟೆಗೆ ಇನ್ನಷ್ಟು ಬಡಿಸಿದಳು. ಬಡಿಸಿದ್ದನ್ನೆಲ್ಲ ಉಂಡೆ. ಆಗಲೂ ಬಾಯಿ ಬಿಡಲಿಲ್ಲ ನಾನು, ಪಾಪಿ.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಪೆಟ್ಟಿಗೆ ಕಳಿಸಿದ ಕಚೇರಿಯ ಸಾಹೇಬರು ನೋಡಲು ಬಂದರು. ಗೇಟಿನಾಚೆ ಅಕ್ಕ ನಿಂತಿದ್ದಳು, ಅವಳ ಹಿಂದೆ ಅವಳಂತೆಯೇ ಕೆಂಪು ದೀಪ ಕಂಡ ಹೆಂಗಸರು. ಮೇಸ್ತ್ರಿ ನನ್ನನ್ನು ಹೊರಗೆ ಕರೆಸಿ, ಹಿಡಿದು ತೋರಿಸು ಅಂದ. ಹಿಡಿದೆ. ಹಸಿರು ಬಂತು. ಸಾಹೇಬರು ಚಪ್ಪಾಳೆ ತಟ್ಟಿದರು. ಅವರಲ್ಲೊಬ್ಬ, ಯಾರಿಗೂ ತೊಂದರೆ ಆಗಿಲ್ಲವಷ್ಟೇ ಎಂದು ನನ್ನನ್ನು ಕೇಳಿದ. ಎಲ್ಲ ಸಲೀಸು ಎಂದು ಮೇಸ್ತ್ರಿಯೇ ಉತ್ತರ ಕೊಟ್ಟ. ಅಷ್ಟರಲ್ಲಿ ಸಾಹೇಬನ ಕಣ್ಣು ಗೇಟಿನಾಚೆ ಹೋಯಿತು.

“ಅವು ಬಿಡಿ ಸಾರ್, ಹೊಲಸು ಮುಂಡೇವು. ಫೋನು ಹಿಡ್ಯೋಕೂ ಬರಲ್ಲ,” ಅಂದ ಮೇಸ್ತ್ರಿ.

ಅಕ್ಕ ತಲೆ ತಗ್ಗಿಸಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

“ಅವಳಿಗೆ ಬರುತ್ತೆ,” ಅಂದೆ. “ಅವಳನ್ನ ಅಳಿಸಿದ್ದು ನಾನು. ಮನೆಗೊಂದೇ ಫೋನು. ಎಲ್ಲರ ಹತ್ರ ಇದೆ ಅಂತ ಸುಳ್ಳು ಹೇಳ್ದೋಳೂ ನಾನೇ. ನಾವು ಗೇಟಲ್ಲಿ ಫೋನು ಕೈ ಬದಲಾಯ್ಸೋದನ್ನ ಈ ಬೋಳಿಮಗ ದಿನಾ ನೋಡ್ತಿದ್ದ.”

ಮೇಸ್ತ್ರಿ ನನ್ನ ರಟ್ಟೆ ಹಿಡಿದ. ಕೊಡವಿಕೊಂಡೆ. ಸಾಹೇಬರ ಕಣ್ಣೆದುರೇ ಫೋನಿನಿಂದ ನನ್ನ ಗುರುತನ್ನೂ ಅಳಿಸಿ ಗಾಜಿಗೆ ಹಿಡಿದೆ. ಕೆಂಪಾಯಿತು.

“ಈಗ ನಾವಿಬ್ರೂ ಇಲ್ಲ. ಬರ್ಕೊಳ್ಳಿ.”

ಯಾರೂ ಬರೆದುಕೊಳ್ಳಲಿಲ್ಲ. ಅಕ್ಕ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು.

“ಇಬ್ರೂ ಹೊರಗೆ ಬಿದ್ರೆ ಅತ್ತೆ ಮಾತ್ರೆಗೆ ಏನ್ ಮಾಡೋದೇ, ಹುಚ್ಚುಮುಂಡೆ?”

ಕಪಾಳಕ್ಕೆ ಬಾರಿಸುತ್ತಾಳೆ ಅಂದುಕೊಂಡೆ, ಬಾರಿಸಿದ್ದರೆ ಹಗುರವಾಗುತ್ತಿತ್ತು. ಅವಳು ತಿರುಗಿ, ಒಗೆದ ಬಟ್ಟೆ ಆಸ್ಪತ್ರೆಗೆ ಒಯ್ಯುವ ವ್ಯಾನು ಹೊರಡುವ ದಾರಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟಳು. ಹಿಂದಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಕೂತರು. ಒಳಗೆ ಬಟ್ಟೆ ತುಂಬಿದ ವ್ಯಾನು ಹಾರನ್ ಬಾರಿಸುತ್ತಲೇ ಇತ್ತು. ನಾನು ಹೋಗಿ ಅಕ್ಕನ ಪಕ್ಕ ಕೂತೆ. ಅವಳು ಒಂದಿಷ್ಟು ಸರಿದಳು. ನನಗೆ ಜಾಗ ಬಿಡಲಿಕ್ಕೋ, ನನ್ನ ಮೈ ಸೋಕಬಾರದೆಂದೋ, ಕೇಳುವ ಧೈರ್ಯ ನನಗಾಗಲಿಲ್ಲ.