ಅಜ್ಜಿಯ ಬಿಸ್ಕತ್ತಿಗೆ ಬಳಿದ ಮೆರುಗು

ನಲವತ್ತು ವರ್ಷ ಬೇಕರಿಯ ಒಲೆಯ ಮುಂದೆ ನಿಂತ ಕೈ, ಕೆಲಸ ಬಿಟ್ಟ ಮಾತ್ರಕ್ಕೆ ಸುಮ್ಮನಾಗಲಿಲ್ಲ. ಊರಂಚಿನ ಕುದುರೆ ಲಾಯದಲ್ಲಿ ಬೇಕರಿಯವನ ಅಳಿಯನೇ ಮೇವು ನೋಡಿಕೊಳ್ಳುತ್ತಿದ್ದ. ಒಂದು ದಿನ ಮಗಳು ಕೇಳಿದಳೆಂದು ಬೇಕರಿಯವನು ಓಟ್ಸಿಗೆ ಕ್ಯಾರೆಟ್ಟು, ಸೇಬು ತುರಿದು ಹಾಕಿ, ಕಬ್ಬಿನ ಕಪ್ಪು ಪಾಕ ಕಾಕಂಬಿ ಸುರಿದು, ಕುದುರೆಗಳಿಗೆಂದು ಬಿಸ್ಕತ್ತು ಮಾಡಿಕೊಟ್ಟ. ಕುದುರೆಗಳು ಡಬ್ಬಿಯ ತಳವನ್ನೂ ಬಿಡದೆ ನೆಕ್ಕಿದವು. ಅಂದಿನಿಂದ ವಾರಕ್ಕೆ ಮೂರು ದಿನ ಅದೇ ಅವನ ಕಸುಬಾಯಿತು.

"ಮನುಷ್ಯರಾದ್ರೆ ಮುಖ ನೋಡಿ ಹೊಗಳ್ತಾರೆ. ಕುದುರೆಗೆ ಆ ದಾಕ್ಷಿಣ್ಯ ಇಲ್ಲ" ಎಂದು ಅಕ್ಕನ ಮುಂದೆ ಬೀಗಿದ. ಗಂಡ ಸತ್ತ ಮೇಲೆ ಅಕ್ಕ ಅವನ ಜೊತೆಗೇ ಇದ್ದಳು.

"ಬಾಲ ಒಂದು ಬರೋದು ಬಾಕಿ ನಿನಗೆ" ಎಂದಳು ಅಕ್ಕ.

ಲಾಯದಲ್ಲಿ ಮುದಿ ಹೆಣ್ಣು ಕುದುರೆಯೊಂದಿತ್ತು. ಎಲ್ಲರೂ ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅದಕ್ಕೆ ಗೊರಸಿನ ಬೇನೆ. ಸಿಹಿ ಹೊಟ್ಟೆಗೆ ಹೋದರೆ ಗೊರಸಿನೊಳಗೆ ಬೆಂಕಿ ಬಿದ್ದಂತಾಗಿ ನಿಲ್ಲಲಾಗುತ್ತಿರಲಿಲ್ಲ. ಅಳಿಯ ಮೊದಲೇ ಹೇಳಿದ್ದ: "ಮಾವ, ಅಜ್ಜಿಗೆ ಮಾತ್ರ ಒಂದು ತೊಟ್ಟೂ ಸಿಹಿ ಬೇಡ. ಡಾಕ್ಟರು ಒಣಹುಲ್ಲಿನ ಪುಡಿ, ಅಗಸೆ ಹಿಟ್ಟು ಕೊಡಬಹುದು ಅಂದಿದ್ದಾರೆ."

ಬೇಕರಿಯವನು ಹಾಗೆಯೇ ಮಾಡಿದ. ಅಜ್ಜಿ ಮೂಸಿ ನೋಡಿತು, ಮುಖ ತಿರುಗಿಸಿತು. ಕುದುರೆ ಸವಾರಿ ಕಲಿಯಲು ಬಂದ ಹೆಂಗಸರಿಬ್ಬರು ನಕ್ಕರು. "ಅಜ್ಜಿಗೆ ನಿಮ್ಮ ಅಂಗಡಿ ಹಿಡಿಸಲಿಲ್ಲ" ಎಂದರು. ಅಷ್ಟೇ ಮಾತು. ಆದರೆ ಅದು ಅವನ ಜೊತೆ ಮನೆವರೆಗೂ ನಡೆದುಬಂತು. ಅವನ ಕೈಯ ತಿಂಡಿಯನ್ನು ಬೇಡ ಎಂದವರು ಈವರೆಗೆ ಯಾರೂ ಇರಲಿಲ್ಲ.

ಬಾಯಿಗೆ ಹಾಕಿ ನೋಡದೆ ಏನನ್ನೂ ಹೊರಗೆ ಕಳಿಸಬಾರದೆಂಬುದು ಬೇಕರಿಯ ನೇಮ. ಮುಂದಿನ ಸಲ ಅಜ್ಜಿಯ ಬಿಸ್ಕತ್ತನ್ನೂ ಕಚ್ಚಿ ನೋಡಿದ. ಚಾಪೆ ಜಗಿದಂತಿತ್ತು. ಬನ್ನಿಗೆ ಮೆರುಗು ಬಳಿಯುವ ಕುಂಚ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕಾಕಂಬಿಗೆ ಅದ್ದಿ ತೆಳ್ಳಗೆ ಒಂದು ಸಲ ಎಳೆದ. ಹಿಟ್ಟಿಗೆ ಹಾಕಿಲ್ಲವಲ್ಲ, ಮೇಲೆ ಮೆರುಗಿಗೆ ತಾನೇ ಎಂದು ತನಗೆ ತಾನೇ ಹೇಳಿಕೊಂಡ. ಅಜ್ಜಿ ಅಂದು ಅವನ ಅಂಗೈಯನ್ನೂ ನೆಕ್ಕಿತು. ಹೆಂಗಸರು ಚಪ್ಪಾಳೆ ತಟ್ಟಿದರು.

ಒಂದು ಸಲ ಬಳಿಯುತ್ತಿದ್ದದ್ದು ಎರಡು ಸಲವಾಯಿತು, ಎರಡು ಬಿಸ್ಕತ್ತು ಆರಾದವು.

ಮೂರನೆಯ ವಾರ ಅಜ್ಜಿ ಮುಂಗಾಲು ಊರಲಾರದೆ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಡುಗುತ್ತ ನಿಂತಿತು. ಡಾಕ್ಟರು ಗೊರಸು ಮುಟ್ಟಿ, "ಕಾದ ಹಂಚಿನ ಹಾಗಿದೆ. ಯಾರೋ ಸಿಹಿ ಹಾಕಿದ್ದಾರೆ" ಎಂದರು.

ಲಾಯದ ಯಜಮಾನಿ ಅಳಿಯನ ಕಡೆ ತಿರುಗಿದಳು. "ಮೇವಿನ ಕೋಣೆ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ ಅಮ್ಮಾ."

"ಬೇರೆ ಕುದುರೆಗಳ ದಾಣಿ ಇದಕ್ಕೂ ಹಾಕಿದ್ಯಾ?"

ಅಳಿಯ ನೆಲ ನೋಡಿದ. ಬೇಕರಿಯವನು ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ. ಅವನ ಬಾಯಿಂದಲೇ ಮಾತು ಬಂತು: "ಸ್ವಲ್ಪ ನಿಗಾ ಇಟ್ಟಿರಬೇಕಿತ್ತು ಕಣಪ್ಪಾ."

ಅಳಿಯ ತಲೆ ಎತ್ತಿ ಒಮ್ಮೆ ನೋಡಿದ. ಮತ್ತೆ ತಲೆ ತಗ್ಗಿಸಿದ.

"ಶನಿವಾರ ಬೀಗದ ಕೈ ಕೊಟ್ಟು ಹೋಗು" ಎಂದಳು ಯಜಮಾನಿ.

ಆ ಸಂಜೆ ಅಕ್ಕ ಪಾತ್ರೆ ತೊಳೆಯುತ್ತ ಕುಂಚ ಎತ್ತಿ ಹಿಡಿದಳು. "ಅಜ್ಜಿಗೆ ಅಂತ ಸಪ್ಪೆ ಬಿಸ್ಕತ್ತು ಮಾಡಿದ ದಿನಾನೂ ಇದು ಯಾಕೆ ಅಂಟಂಟಾಗಿರುತ್ತೆ ಅಂತ ನೋಡ್ತಾನೇ ಇದ್ದೆ."

ಅವನು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

"ನಾನೇನೂ ಕೇಳಲಿಲ್ಲಪ್ಪ" ಎಂದು ಅಕ್ಕ ಕುಂಚವನ್ನು ಮೂರು ಸಲ ತೊಳೆದು, ಮೊಳೆಗೆ ಹಾಕದೆ ಅವನ ಮುಂದೆ ಇಟ್ಟು ಹೋದಳು.

ಹಿಂದೆ ಅವರ ತಾಯಿ ಹಿಟ್ಟು ನಾದುತ್ತ ಪದ್ಯ ಹೇಳುತ್ತಿದ್ದಳು. ಅವನಿಗೆ ಸಾಲುಗಳು ಮರೆತುಹೋಗಿದ್ದವು, ಧಾಟಿ ಮಾತ್ರ ಉಳಿದಿತ್ತು. ಕಂಡವರ ಕಣ್ಣಿಗೆ ಮಣ್ಣೆರಚಿದರೂ ಒಳಗೆ ಕೂತವನು ರೆಪ್ಪೆ ಮುಚ್ಚುವುದಿಲ್ಲ ಎಂಬ ಅರ್ಥದ್ದೇನೋ. ಚಿಕ್ಕಂದಿನಲ್ಲಿ ಅದು ಜೋಗುಳದಂತೆ ಕೇಳುತ್ತಿತ್ತು. ಆ ರಾತ್ರಿ ಅದೇ ಧಾಟಿ ತಲೆಯಲ್ಲಿ ಸುಳಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಬೆಳಿಗ್ಗೆ ಲಾಯಕ್ಕೆ ಹೋದಾಗ ಅಳಿಯ ಅಜ್ಜಿಯ ಮುಂಗಾಲುಗಳನ್ನು ತಣ್ಣೀರಿನ ಬಾನಿಯಲ್ಲಿ ನಿಲ್ಲಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ರಾತ್ರಿಯೆಲ್ಲ ಅಲ್ಲೇ ಇದ್ದವನಂತೆ ತಲೆಗೂದಲಲ್ಲಿ ಹುಲ್ಲು.

"ಮೆರುಗು ಬಳಿದೆ" ಎಂದ ಬೇಕರಿಯವನು. "ಕಾಕಂಬಿದು. ಬೇಕಂತಲೇ."

"ಗೊತ್ತು ಮಾವ."

"ಗೊತ್ತಾ?"

"ನಿನ್ನೆ ಬೆಳಿಗ್ಗೆ ಅಜ್ಜಿ ಮೂತಿ ಅಂಟಂಟಾಗಿತ್ತು. ಡಾಕ್ಟರು ಬರೋ ಮೊದಲು ಒರೆಸಿದೆ."

"ಹೇಳಬಾರದಿತ್ತೇನಪ್ಪಾ?"

"ಹೇಳಿ, ಮನೆಗೆ ಹೋಗಿ ನಿಮ್ಮ ಮಗಳ ಮುಖ ಹೇಗೆ ನೋಡ್ಲಿ?" ಅಳಿಯ ಚೊಂಬಿನಲ್ಲಿ ನೀರು ಮೊಗೆದು ಗೊರಸಿನ ಮೇಲೆ ಬಿಟ್ಟ. "ನೀವೇ ಹೇಳ್ತೀರ ಅಂದ್ಕೊಂಡೆ. ನಿಗಾ ಇಡಬೇಕಿತ್ತು ಅಂದ್ರಲ್ಲ ಮಾವ, ಅದು..." ಎಂದವನು ಇನ್ನೊಂದು ಚೊಂಬು ಮೊಗೆದ.

ಲದ್ದಿ ಬಾಚುವವನಿಗೆ ಮಗಳನ್ನು ಕೊಡಬೇಕಾಯಿತಲ್ಲ ಎಂದು ಮದುವೆಯ ದಿನವೇ ನಾಲ್ಕು ಜನರ ಮುಂದೆ ಅಂದಿದ್ದು ಬೇಕರಿಯವನಿಗೆ ನೆನಪಾಯಿತು. ನಿಂತ ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ನೆಲ ಹಾಗೇ ಇತ್ತು. ಹಾಗಾಗಿ ಅಂಗಳ ದಾಟಿ ಯಜಮಾನಿಯ ಬಳಿ ಹೋದ. ಸವಾರಿಯ ಹೆಂಗಸರೂ ಅಲ್ಲೇ ಇದ್ದರು. ಅವರು ಹೋಗಲಿ ಎಂದು ಕಾಯಬೇಕೆನಿಸಿತು. ಕಾಯಲಿಲ್ಲ. ಬಳಿದದ್ದು, ಎಷ್ಟು ಸಲ ಬಳಿದದ್ದು, ಯಾಕೆ ಬಳಿದದ್ದು, ಎಲ್ಲವನ್ನೂ ಹೇಳಿದ. ಯಾಕೆ ಎಂಬುದನ್ನು ಹೇಳುವಾಗ ನಾಲಗೆ ತಡವರಿಸಿತು.

ಯಜಮಾನಿ ತುಂಬ ಹೊತ್ತು ಅವನ ಕೈಗಳನ್ನೇ ನೋಡಿದಳು. "ಬೀಗದ ಕೈ ಅವನ ಹತ್ರಾನೇ ಇರಲಿ. ನಿಮ್ಮ ಡಬ್ಬಿ ಇನ್ಮೇಲೆ ಅವನ ಕೈ ದಾಟಿಯೇ ಒಳಗೆ ಬರಬೇಕು" ಎಂದಳು. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ತಿಂಗಳೊಪ್ಪತ್ತಿಗೆ ಅಜ್ಜಿ ಕುಂಟುತ್ತ ಅಂಗಳಕ್ಕೆ ಬಂತು. ಬೇಕರಿಯವನು ಡಬ್ಬಿಯನ್ನು ಅಳಿಯನ ಮುಂದೆ ಹಿಡಿದ. ಅಳಿಯ ಒಂದು ಬಿಸ್ಕತ್ತು ಮುರಿದು, ಮೂಸಿ, ನಾಲಗೆಯ ತುದಿಗೆ ಮುಟ್ಟಿಸಿ ನೋಡಿದ. ಮಾವ ಕಣ್ಣು ತಗ್ಗಿಸಿ ಕಾದ.

"ಕೊಡಿ ಮಾವ."

ಅಜ್ಜಿ ಗುರುತು ಹಿಡಿದು ಆಸೆಯಿಂದ ಬಂತು, ಅಂಗೈ ಮೂಸಿತು. ಬಿಸ್ಕತ್ತನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಮುಖ ತಿರುಗಿಸಿತು. ಬೇಲಿಯಾಚೆ ಆ ಹೆಂಗಸರೇ ನಿಂತಿದ್ದರು. ಈ ಸಲ ಯಾರೂ ನಗಲಿಲ್ಲ.

"ಬೇಡ ಅಂತಾಳೆ" ಎಂದ ಅಳಿಯ.

"ಹೂಂ, ಬೇಡ ಅಂತಾಳೆ" ಎಂದು ಎಲ್ಲರಿಗೂ ಕೇಳುವಂತೆ ಬೇಕರಿಯವನೂ ಹೇಳಿದ. ಬಿದ್ದ ಬಿಸ್ಕತ್ತನ್ನು ಬಗ್ಗಿ ಎತ್ತಿಕೊಂಡು, ಮಣ್ಣು ಒರೆಸಿ, ಡಬ್ಬಿಗೆ ಹಾಕಿಕೊಂಡ.